ಒಲಿವಿಯಾಳ ಗೇಟಿನ ಮುಂದೆ

ದೇರೆಬೈಲ್, ಮಂಗಳೂರು
9-2-2025

ಪ್ರೀತಿಯ ಹಲೀಮಾ,

ನೀನೂ ಮಕ್ಕಳೂ ಶಾರ್ಜಾದಲ್ಲಿ ಸುಖವೆಂದು ನಂಬಿದ್ದೇನೆ. ಫೋನ್ ಮಾಡಿದಾಗಲೆಲ್ಲ ಹಾರಿಕೆಯ ಮಾತಾಡಿದೆ, ಬೇಸರಿಸಬೇಡ. ಲ್ಯಾನ್ಸಿ ಮನೆಯಲ್ಲಿರುವಾಗ ಆಡುವ ಮಾತಲ್ಲ ಇದು. ನಿನ್ನ ಮಗ ಹಿಶಾಮ್ ನಾಳೆ ಬಜಪೆಯಿಂದ ವಿಮಾನ ಹತ್ತುತ್ತಾನಲ್ಲ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಶಾಲೆಯಲ್ಲಿ ಒಟ್ಟಿಗೆ ಕಲಿತ ಕನ್ನಡ ಇದಕ್ಕಾದರೂ ಒದಗಿತು.

ನನ್ನ ಗಂಡ ಲ್ಯಾನ್ಸಿ ಡ್ರಿಲ್ ಮಾಸ್ಟರಾಗಿದ್ದವರೆಂದು ನಿನಗೆ ಗೊತ್ತೇ ಉಂಟು. ನಿವೃತ್ತಿಯಾದ ಮೇಲೂ ಸಂಜೆ ಕದ್ರಿಯವರೆಗೆ ನಡೆಯದೆ ಇರುತ್ತಿರಲಿಲ್ಲ. ಹೋದ ವರ್ಷದಿಂದ ನನ್ನನ್ನು ಜೊತೆಗೆ ಬರಬೇಡವೆಂದರು. ಆ ದಾರಿಯ ಏರಿನಲ್ಲಿ ಒಲಿವಿಯಾ ಎಂಬ ವಿಧವೆಯ ಮನೆ ಉಂಟು. ದಿನವೂ ಅವಳ ಗೇಟಿನ ಮುಂದೆ ನಿಲ್ಲುತ್ತಾರೆಂದು ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ನೆರೆಮನೆಯ ಬ್ರೆಂಡಾ ನನ್ನ ಕಿವಿಯಲ್ಲಿ ಊದಿದಳು. ಅಂದಿನಿಂದ ಅಂಗಿ ಮೂಸಿದೆ, ಮೊಬೈಲ್ ತಡಕಿದೆ. ಏನೂ ಸಿಗಲಿಲ್ಲ. ಸಿಗದ್ದಕ್ಕೇ ಸಂಶಯ ಹೆಚ್ಚಾಯಿತು.

ಒಂದು ಸಂಜೆ ರಿಕ್ಷಾ ಹಿಡಿದು ಹಿಂದೆಯೇ ಹೋದೆ. ಗೇಟಿಗೆ ಒರಗಿ ನಿಂತಿದ್ದರು.

"ಎಂತ ಉಂಟು ನಿಮಗೆ ಇಲ್ಲಿ?" ಎಂದು ರಸ್ತೆಯಲ್ಲೇ ಕೂಗಿದೆ.

ಅವರ ಒಂದು ಕೈ ಕುಂಡೆಯನ್ನು ಹಿಂಡುತ್ತಿತ್ತು, ಮುಖದ ತುಂಬ ಬೆವರು. ಒಳಗಿನಿಂದ ಬಂದ ಒಲಿವಿಯಾ, "ನೀವಾದ್ರೂ ಇವರನ್ನು ಡಾಕ್ಟರಿಗೆ ತೋರಿಸಿ, ಉರ್ಸುಲಾಬಾಯಿ. ಕುರ್ಚಿ ತರ್ತೇನೆ ಹೇಳಿದ್ರೂ ಬೇಡ ಹೇಳ್ತಾರೆ. ನೋವು ಇಳಿದ ಕೂಡ್ಲೇ ಹೋಗ್ತಾರೆ" ಎಂದಳು. ಇಬ್ಬರೂ ಸೇರಿ ಆಡುವ ನಾಟಕವೆಂದೇ ಎಣಿಸಿದೆ. ಅದು ಬಯಲಾಗಲಿ ಎಂದೇ ಮರುದಿನ ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಸ್ಕ್ಯಾನ್ ಆದ ಮೇಲೆ ಡಾಕ್ಟರ್ ಸಮೀನಾ ಚಿತ್ರ ಬರೆದು ತೋರಿಸಿದರು. ಹೊಟ್ಟೆಯ ದೊಡ್ಡ ರಕ್ತನಾಳ ಸೊಂಟದ ಹತ್ತಿರ ಎರಡಾಗುತ್ತದೆ. ಪ್ರತಿಯೊಂದೂ ಮತ್ತೆ ಕವಲೊಡೆದು, ಒಂದು ಒಳಗಿಳಿದು ಕುಂಡೆಗೆ, ಇನ್ನೊಂದು ತೊಡೆಗೆ ಹೋಗುತ್ತದಂತೆ.

"ಇವರಿಗೆ ಆ ಕವಲಿಗಿಂತ ಮೊದಲೇ ನಾಳ ಕಟ್ಟಿದೆ. ನಡೆದ್ರೆ ಮಾಂಸಕ್ಕೆ ರಕ್ತ ಸಾಲುವುದಿಲ್ಲ. ನಿಂತ್ರೆ ನೋವು ಹೋಗ್ತದೆ" ಎಂದರು.

ಕಟ್ಟಿದ ನಾಳವನ್ನು ಬಿಡಿಸಿ ಸ್ಟೆಂಟ್ ಹಾಕಿದರು. ಈಗ ಎಲ್ಲೂ ನಿಲ್ಲದೆ ನಡೆಯುತ್ತಾರೆ. ನಾನು ಒಲಿವಿಯಾಳ ಕ್ಷಮೆ ಕೇಳಿ ಬಂದೆ.

ದೇವರು ನಿನ್ನ ಮನೆಯನ್ನು ತಂಪಾಗಿಟ್ಟಿರಲಿ. ಮೊಮ್ಮಕ್ಕಳ ತಲೆ ಮುಟ್ಟಿ ನನ್ನ ಹೆಸರು ಹೇಳು.

ನಿನ್ನ,
ಉರ್ಸುಲಾ

ತಾ.ಕ.: ಲ್ಯಾನ್ಸಿ ಬೇರೆ ಕೋಣೆಯಲ್ಲಿ ಮಲಗತೊಡಗಿ ವರ್ಷ ಕಳೆದಿದೆ, ನಿನಗೂ ಹೇಳಿರಲಿಲ್ಲ. ಗಂಡಸುತನಕ್ಕೆ ಬೇಕಾದ ರಕ್ತವೂ ಆ ಒಳಗಿನ ಕವಲಿನಿಂದಲೇ ಬರುವುದೆಂದು ಡಾಕ್ಟರ್ ನನ್ನೊಬ್ಬಳನ್ನೇ ಕರೆದು ತಿಳಿಸಿದರು. ಮನೆಗೆ ಬಂದು ಕೇಳಿದೆ, "ನನ್ನ ಸಂಶಯ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ರೆ?"

"ನನ್ನಿಂದ ಆಗುದಿಲ್ಲ ಅಂತ ನಿನಗೆ ಗೊತ್ತಾಗುದಕ್ಕಿಂತ, ಬೇರೆ ಹೆಂಗಸು ಉಂಟು ಅಂತ ನೀನು ಎಣಿಸುದೇ ಒಳ್ಳೇದು ಅಂತ ಕಂಡಿತು."

ರಾತ್ರಿ ಗೋಡೆಯ ಈಚೆ ನಾನು ಅಳುತ್ತಿದ್ದದ್ದೂ ಅವರಿಗೆ ಕೇಳಿಸುತ್ತಿತ್ತಂತೆ, ಹಲೀಮಾ.