ಟೂಲ್ಸ್‌ನಿಂದ ಕೆಳಗೆ ಐದನೆಯದು

ಜನವರಿ 8, ಬೆಳಿಗ್ಗೆ 10.20

ಕಂಪ್ಯೂಟರ್ ಆನ್ ಆಗುವವರೆಗೆ ಮೊಬೈಲಿನ ರೆಕಾರ್ಡರಿಗೇ ಮಾತು. ಶಿರಸಿಯ ಈ ಪ್ರೆಸ್ಸಿನ ಟೈಪಿಂಗ್ ರೂಮಿನಲ್ಲಿ ಈಗ ನಾನೊಬ್ಬನೇ. ಎದುರಿನ ಕುರ್ಚಿ ಮಂಜಪ್ಪಣ್ಣನದು. ರಿಟೈರ್ ಆಗಿ ಸಿದ್ದಾಪುರದ ಹತ್ತಿರದ ತನ್ನೂರು ಬಿಳಗಿಗೆ ಹೋದ. ಅವನು ಹೋದ ವಾರವೇ ಮಾಲೀಕರು ಹೊಸ ಸಾಫ್ಟ್‌ವೇರ್ ಹಾಕಿಸಿದರು. ಹಳೇ ಮೆನು ಮಾಯ — ಮೇಲೆಲ್ಲ ಚಿತ್ರಗಳು. ಕತ್ತರಿ, ಬ್ರಷ್, ಏನೋ ಬಾಣ... ಮದುವೆ ಕಾಗದದ ಕವರಿಗೆ ಹೆಸರು-ವಿಳಾಸ ಒಟ್ಟಿಗೆ ಕೂರಿಸುವುದು ಎಲ್ಲಿ? ನಿನ್ನೆ ಅರ್ಧ ತಾಸು ಹುಡುಕಿದೆ. ಸೋತೆ. ಮಂಜಪ್ಪಣ್ಣನಿಗೇ ಫೋನ್ ಹಚ್ಚಿದೆ.

“ಎಂತ ಮಾರಾಯ ದಾದಾಸಾಬ, ಇಪ್ಪತ್ತು ವರ್ಷ ಎಂತ ಕಲಿತೆ? ಟೂಲ್ಸ್‌ಗೆ ಹೋಗು. ಕೆಳಗೆ ಐದನೇದು.”

ಟೂಲ್ಸ್ ಎನ್ನುವುದೇ ಈಗ ಇಲ್ಲ. ಹೇಳಬಹುದಿತ್ತು. ಆದರೆ ಅವನ ದನಿಯಲ್ಲಿ ಅಷ್ಟು ಖುಷಿ...

“ಹಾಂ, ಸಿಕ್ತು ನೋಡು.”

“ಸಿಗದೆ ಎಲ್ಲಿಗೆ ಹೋಗ್ತದೆ? ನಾ ಇಲ್ದಿದ್ರೆ ನಿನ್ ಗತಿ ಎಂತ!”

ಜನವರಿ 19

ದಿನಾ ಹನ್ನೊಂದಕ್ಕೆ ಫೋನು. ಪೇಜ್ ನಂಬರ್, ಬಾರ್ಡರ್, ಕಾಲಮ್. ಬಟನ್ ನಾನೇ ಮೊದಲು ಹುಡುಕಿಟ್ಟುಕೊಂಡು ಆಮೇಲೆ ಕೇಳುತ್ತೇನೆ. ಅವನು ಇಲ್ಲದ ಮೆನುವಿನಲ್ಲಿ ದಾರಿ ಹೇಳುತ್ತಾನೆ. ಕಣ್ಣು ಮುಚ್ಚಿ ಕೇಳುತ್ತೇನೆ. ಆಮೇಲೆ ಅವನ ಮಂಡಿನೋವು, ಎಮ್ಮೆ, ಸೊಸೆ ಮಾಡುವ ತೆಳ್ಳಗಿನ ಸಾರು.

ಫೋನ್ ಇಟ್ಟ ಮೇಲೆ ಸಂಜೆಯವರೆಗೆ ಮಾತೇ ಇಲ್ಲ. ಗಿರಾಕಿಗಳೂ ಮ್ಯಾಟರ್ ವಾಟ್ಸಾಪ್‌ನಲ್ಲೇ ಹಾಕುತ್ತಾರೆ. ಮನೆಯಲ್ಲಿ ಹೆಂಡತಿ ಸುಗ್ರಾ ತೀರಿಕೊಂಡು ಮೂರು ವರ್ಷ... ಇರಲಿ.

ಜನವರಿ 25, ಮಧ್ಯಾಹ್ನ

ಕಣ್ಣು ತೋರಿಸಲು ಶಿರಸಿಗೆ ಬಂದ ಮಂಜಪ್ಪಣ್ಣ ಹೇಳದೆ ಕೇಳದೆ ರೂಮಿಗೇ ಬಂದ.

“ಏಳು, ಏಳು. ದಿನಾ ಫೋನಲ್ಲಿ ಎಷ್ಟು ಹೇಳೂದು? ಕೂತು ತೋರಿಸ್ತೇನೆ.”

ನೆಪ ಹುಡುಕುವಷ್ಟರಲ್ಲಿ ಕೂತೇಬಿಟ್ಟ. ಮೌಸ್ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಕನ್ನಡಕ ಒರೆಸಿಕೊಂಡ.

“ಟೂಲ್ಸ್ ಎಲ್ಲೋ?”

“ಇದ್ರಲ್ಲಿ ಇಲ್ಲ.”

“ಯಾವಾಗಿಂದ?”

“ನೀನು ಹೋದಾಗಿಂದ.”

ಮೌಸ್ ಬಿಟ್ಟ. “ಹಂಗಾದ್ರೆ ದಿನಾ ಸಿಕ್ತು, ಸಿಕ್ತು ಅಂದಿದ್ದು? ನನ್ನ ಮಂಗ ಮಾಡಿದ್ಯಾ?”

ಚಹಾ ತರಿಸಿದೆ, ಮುಟ್ಟಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂದ. ಸಿದ್ದಾಪುರದ ಬಸ್ಸು ಮುಕ್ಕಾಲು ತಾಸಿಗೊಂದು ಇದೆ.

ಫೆಬ್ರವರಿ 6

ಫೋನ್ ಎತ್ತುವುದಿಲ್ಲ. ಹನ್ನೆರಡು ದಿನ. ಕೆಲಸವೇನೋ ಬೇಗ ಮುಗಿಯುತ್ತದೆ — ಬಟನ್ನುಗಳೆಲ್ಲ ಈಗ ಕೈಗೆ ಗೊತ್ತು.

ಫೆಬ್ರವರಿ 7, 11.05

ವಾಯ್ಸ್ ಮೆಸೇಜ್ ಕಳಿಸಬೇಕು. ಅಡ್ಡಡ್ಡ ಮಾತಾಡಿ ಕೆಡಿಸುತ್ತೇನೆ, ಮೊದಲು ಇಲ್ಲೇ ಹೇಳಿ ನೋಡುತ್ತೇನೆ.

“ಮಂಜಪ್ಪಣ್ಣ, ತಪ್ಪಾಯ್ತು. ಬಟನ್ ಎಲ್ಲ ಸಿಕ್ಕಿದೆ. ನಿನ್ನ ಕೇಳೋಕೆ ಇನ್ನು ಒಂದೂ ಉಳಿದಿಲ್ಲ. ಕೆಲಸ ಇಲ್ದೆ ಸುಮ್ನೆ ಫೋನ್ ಮಾಡಿದ್ರೆ ಎತ್ತೀಯಾ? ಇಲ್ಲಿ ನಂಗೆ ಬಹಳ...”