ಬಿಳಿ ಉಣ್ಣೆ, ಜೀಪಿನ ಕೀಲಿ

ಗಲಗಲಿ, ಬೀಳಗಿ ತಾಲೂಕು
ಸೋಮವಾರ, ೧೬ ಡಿಸೆಂಬರ್ ೨೦೨೪

ಪ್ರೀತಿಯ ಅಪ್ಪಾ,

ಜೀಪಿನ ಕೀಲಿ ನನ್ನ ಕೈಗೆ ಬಂತು! ಇವತ್ತು ಬೆಳಿಗ್ಗೆ, ಬೇವಿನ ಗಿಡದ ಕೆಳಗೆ, ನಮ್ಮ ಅತ್ತೆ ಹೊಳೆವ್ವನವರು ತಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ, ಯಾರಿಗೂ ಕೊಡದ ಆ ಕೀಲಿಯನ್ನು ನನ್ನ ಅಂಗೈ ಮೇಲೆ ಇಟ್ಟರು. ನನ್ನ ಕೈ ಇನ್ನೂ ಹಸಿ ಉಣ್ಣೆಯ ವಾಸನೆ ಹೊಡೆಯುತ್ತಿದೆ, ಅದೇ ಕೈಯಿಂದ ಬರೆಯುತ್ತಿದ್ದೇನೆ. ನೋಡಿ, ಸಡಗರದಲ್ಲಿ ಆರೋಗ್ಯ ಕೇಳುವುದನ್ನೇ ಮರೆತೆ. ನಿಮ್ಮ ಮೊಣಕಾಲು ನೋವು ಹೇಗಿದೆ? ಬಿ.ಪಿ. ಗುಳಿಗೆಯನ್ನು ಚಹಾಕ್ಕಿಂತ ಮೊದಲು ತೆಗೆದುಕೊಳ್ಳುತ್ತೀರೋ, ಇಲ್ಲವೆ ಅವ್ವ ಹಿಂದೆ ಹಿಂದೆ ಓಡಾಡಬೇಕೋ? ಅವ್ವನ ಕೆಮ್ಮು ಇಳಿಯಿತೆ? ಗದಗಿನ ಚಳಿಗೆ ಆಕೆ ಕಿವಿಗೆ ಏನೂ ಕಟ್ಟಿಕೊಳ್ಳುವುದಿಲ್ಲ, ನೀವಾದರೂ ಹೇಳಿ. ನಾವೆಲ್ಲ ಇಲ್ಲಿ ಕ್ಷೇಮ. ನಾನು ಕ್ಷೇಮಕ್ಕಿಂತ ಒಂದು ಕೈ ಹೆಚ್ಚೇ ಇದ್ದೇನೆ.

ದಿನಾ ಫೋನು ಮಾಡುವ ಮಗಳು ಕಾಗದ ಯಾಕೆ ಬರೆದಳು ಎನ್ನುತ್ತೀರಿ. ಕಾರಣ ನೀವೇ. ಫೋನಿನಲ್ಲಿ ನಾನು ಜೀಪು ಎಂದ ಕೂಡಲೇ ನೀವು "ತಡಿ, ನಿಮ್ಮವ್ವಗ ಕೊಡ್ತೀನಿ" ಎಂದು ಫೋನು ದಾಟಿಸಿಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ. ದಾಟಿಸಿದರೂ ಅವ್ವ ಅದನ್ನು ನಿಮಗೇ ಜೋರಾಗಿ ಓದಿ ಹೇಳುತ್ತಾಳೆ. ಕಾನ್ವೆಂಟಿನಲ್ಲಿ ಓದಿದವಳ ಕನ್ನಡ ಇದು. ಒತ್ತಕ್ಷರ ತಪ್ಪಿದ್ದರೆ ನಕ್ಕು ಮುಂದೆ ಹೋಗಿ.

ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಗುಜರಿಯವನು ಬಂದು ನಮ್ಮ ಜೀಪನ್ನು ಒಯ್ಯುತ್ತಾನೆ ಎಂದು ಅವ್ವ ಹೇಳಿದಾಗಿನಿಂದ ನನಗೆ ಊಟ ಸರಿಯಾಗಿ ಸೇರುತ್ತಿಲ್ಲ. ದೀಪಾವಳಿಗೆ ಬಂದಾಗ ಹುಣಸೆ ಗಿಡದ ಕೆಳಗೆ ಅದು ತಾಡಪತ್ರಿ ಹೊದ್ದು ನಿಂತಿತ್ತು. ನಾನು ಮೆಲ್ಲಗೆ ಎತ್ತಿ ನೋಡಿದೆ. ಹೋದ ವರ್ಷದ ಮಳೆಗಾಲದಲ್ಲಿ ಕಪ್ಪತಗುಡ್ಡದ ಕೆಳಗಿನ ಹಳ್ಳದಲ್ಲಿ ಅದು ಸಿಕ್ಕಿಬಿದ್ದಾಗಿನ ಮಣ್ಣು ಇನ್ನೂ ಹಾಗೇ ಇದೆ. ನೀವು ಕುರಿಗಳಿಗೆ ಸೂಜಿ ಮಾಡಲು ಹೊರಟಿದ್ದಿರಿ, ಸೀಟಿನವರೆಗೆ ನೀರು ಬಂತು, ಯಾರೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದರು. ಅಂದಿನಿಂದ ನೀವು ಅದನ್ನು ಮುಟ್ಟಿಲ್ಲ, ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಬಾಲ್ದಿ ತಂದ ಅವ್ವನನ್ನೂ ಗದರಿಸಿ ಕಳಿಸಿದ್ದಿರಿ. ಕುರಿ ಡಾಕ್ಟರ ಜೀಪು ಎಂದರೆ ಗುಡ್ಡದ ಸುತ್ತಲಿನ ಹಟ್ಟಿಗಳಲ್ಲಿ ನಾಯಿಗಳೂ ಬೊಗಳುತ್ತಿರಲಿಲ್ಲ. ಅಂಥದ್ದನ್ನು ಮಣ್ಣು ಮೆತ್ತಿಸಿಕೊಂಡೇ ಕಳಿಸುತ್ತೀರಾ? ಇರಲಿ, ಇಲ್ಲಿಯ ಕಥೆ ಪೂರ್ತಿ ಕೇಳಿದ ಮೇಲೆ ಉತ್ತರ ಹೇಳಿ.

ಈ ಮನೆಯ ಜೀಪೂ ನಮ್ಮದರ ವಾರಗೆಯದೇ, ನಾಲ್ಕೂ ಗಾಲಿಗೆ ಗೇರು ಬೀಳುವಂಥದ್ದು. ಹೊಳೆದಂಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿದಾಗ ನೀರು, ಉಪ್ಪು, ಬುತ್ತಿ ಎಲ್ಲ ಅದರಲ್ಲೇ ಹೋಗುತ್ತವೆ. ಬರುವಾಗ ಎಳೆ ಮರಿಗಳು ಬರುತ್ತವೆ. ಜೀಪಿಗೆ ಒಡೆಯರು ಮಾವ ಲಗಮಣ್ಣನವರು, ಓಡಿಸುವವರು ಇವರು. ಆದರೆ ಕೀಲಿ ಮಾತ್ರ ಅತ್ತೆಯ ಸೆರಗಿನಲ್ಲಿ. ಯಾಕೆಂದರೆ ಅವರದೊಂದು ಕಟ್ಟಳೆ ಇದೆ. "ತೊಳಿಯಾಕ ಬರಲಾರ್ದಾವ್ರಿಗೆ ಹೊಡಿಯಾಕ ಕೊಡೂದಿಲ್ಲ." ಇವರೂ ಲೈಸೆನ್ಸಿಗಿಂತ ಮೊದಲು ಬಾಲ್ದಿ ಹಿಡಿದವರೇ ಅಂತೆ. (ಇವರು ಎಂದರೆ ಸಂಜು. ಹೆಸರು ಬರೆದರೆ ನೀವು ನಗುತ್ತೀರಿ, ಬರೆಯದಿದ್ದರೆ ಅವ್ವ ನಗುತ್ತಾಳೆ.) ನಿಮ್ಮ ಹತ್ತಿರ ಜೀಪು ಕಲಿತವಳು ನಾನು, ನನಗೇನು ಕಷ್ಟ ಎಂದು ಮದುವೆಯಾಗಿ ಬಂದ ಮೊದಲ ವಾರವೇ ಕೀಲಿ ಕೇಳಿದೆ. ಅತ್ತೆ ನನ್ನ ಕೈಗೆ ಬಾಲ್ದಿ ಕೊಟ್ಟರು.

ಅಪ್ಪಾ, ಅವರು ತೊಳೆಯುವುದನ್ನು ನೀವು ನೋಡಬೇಕು. ಮೊದಲು ಜೀಪನ್ನು ನೆರಳಿಗೆ ತಂದು, ಬಾನೆಟ್ಟು ತಣ್ಣಗಾಗುವವರೆಗೆ ತಾವು ಎಲೆ ಅಡಿಕೆ ಹಾಕಿಕೊಂಡು ಕೂರುತ್ತಾರೆ. ಒಣಗಿದ ಎರೆಮಣ್ಣನ್ನು ಉಜ್ಜಿದರೆ ಬಣ್ಣ ಗೀರುತ್ತದೆ, ಆದ್ದರಿಂದ ನೀರು ಸುರಿದು ಸುರಿದು ಅದು ತಾನಾಗಿ ಜಾರುವಂತೆ ಮಾಡುತ್ತಾರೆ. ಗಾಲಿಯ ಮೇಲಿನ ಗೂಡಿಗೆ ತೋಳಿನವರೆಗೆ ಕೈ ಹಾಕಿ ಹೆಂಟೆ ಹೆಂಟೆಯಾಗಿ ಮಣ್ಣು ಕೀಳುತ್ತಾರೆ. ಬಾಗಿಲ ಕೆಳಗೆ ನೀರು ಇಳಿದುಹೋಗುವ ಸಣ್ಣ ತೂತುಗಳಿವೆಯಲ್ಲ, ಅವನ್ನು ಕಸಬರಿಗೆಯ ಕಡ್ಡಿಯಿಂದ ಬಿಡಿಸುತ್ತಾರೆ. ಆಗ ಒಳಗೆ ನಿಂತ ನೀರು ಎಮ್ಮೆ ಹಾಲು ಕರೆದ ಹಾಗೆ ಜುರ್ರೆಂದು ಇಳಿಯುತ್ತದೆ. ಆ ಸದ್ದು ಕೇಳಿದರೆ ನನಗೇ ಮೈ ಹಗುರಾದ ಹಾಗಾಗುತ್ತದೆ. ಜಮಖಂಡಿಯಲ್ಲಿ ವಾಟರ್ ಸರ್ವಿಸ್ ಮಾಡಿಸೋಣ ಎಂದು ಇವರು ಒಮ್ಮೆ ಅಂದಿದ್ದಕ್ಕೆ "ಪೈಪಿನ ನೀರ ಹೊಡದ್ರ ಮಣ್ಣ ಒಳಗ ಹೋಗ್ತೈತಿ, ಹೊರಗ ಬರೂದಿಲ್ಲ, ಉಣ್ಣಾಕ ಒಳಗ ಹ್ವಾದ ನಿನ್ನಂಗ" ಎಂದರಂತೆ. ಕೊನೆಗೆ ತೊಳೆಯದ ಹಸಿ ಉಣ್ಣೆಯಿಂದ ಬಾಗಿಲ ಕೀಲುಗಳನ್ನೂ ಬೋಲ್ಟುಗಳನ್ನೂ ತಿಕ್ಕುತ್ತಾರೆ. ಉಣ್ಣೆಯ ಜಿಡ್ಡು ಹತ್ತಿದಲ್ಲಿ ತುಕ್ಕು ಹತ್ತುವುದಿಲ್ಲವಂತೆ. "ಕುರಿ ಮಳ್ಯಾಗ ತೊಯ್ದ್ರೂ ಅದರ ತೊಗಲ ತೊಯ್ಯೂದಿಲ್ಲ ನೋಡ" ಎಂದರು. ನಿಮಗೆ ಇದು ಗೊತ್ತಿರಲೇಬೇಕು, ಕುರಿ ಡಾಕ್ಟರೇ. ಮತ್ತೆ ನಮ್ಮ ಜೀಪಿಗೆ ಯಾಕೆ ಹಚ್ಚಲಿಲ್ಲ?

ಈಗ ನನ್ನ ಪರಾಕ್ರಮ ಕೇಳಿ. ಕಾರಹುಣ್ಣಿಮೆ ಕಳೆದ ಮೇಲೆ ಒಂದು ಸೋಮವಾರ ಅತ್ತೆ ಹೊಲಕ್ಕೆ ಹೋಗಿದ್ದರು. ಅವರು ಬರುವುದರೊಳಗೆ ಜೀಪನ್ನು ಫಳಫಳ ಮಾಡಿ ತೋರಿಸುತ್ತೇನೆ ಎಂದು ಬಟ್ಟೆ ಒಗೆಯುವ ಸೋಪಿನ ಪುಡಿಯನ್ನು ಗಟ್ಟಿಯಾಗಿ ಕಲಸಿ ಬಾನೆಟ್ಟಿನ ಮೇಲೆ ಸುರಿದೆ. ಪ್ರತಿ ಅಮಾವಾಸ್ಯೆಗೆ ಅತ್ತೆ ಬೀರೇಶ್ವರನ ಗುಡಿಯ ಭಂಡಾರ ತಂದು ಬಾನೆಟ್ಟಿಗೆ ಎರಚುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ತಾನೆ, ಆದರೆ ನಾವು ಒಂದು ಚಿಟಿಕೆ ಹಾಕುತ್ತೇವೆ, ಇವರದು ಬೊಗಸೆಯ ಲೆಕ್ಕ. ಆ ಅರಿಶಿನಕ್ಕೆ ಸೋಪಿನ ನೀರು ತಾಗಿದ್ದೇ ತಡ, ಇಡೀ ಮೂತಿ ಕೆಂಪಾಯಿತು. ಬಂಪರಿನಿಂದ ಕೆಂಪು ನೀರು ತೊಟ್ಟಿಕ್ಕತೊಡಗಿತು. ಸರಿಯಾಗಿ ಅದೇ ಹೊತ್ತಿಗೆ ಮಾವ ಬಂದರು. ಬಾಗಿಲಲ್ಲೇ ನಿಂತು, ಮುಖ ಬಿಳಿಚಿಕೊಂಡು, "ಯಾವ ಕುರಿ ಸಿಕ್ತವಾ ಗಾಲಿಗೆ?" ಎಂದರು. ಎಂಟನೆಯ ಇಯತ್ತೆಯಲ್ಲಿ ಅರಿಶಿನದ ಕಾಗದ ಸೋಪಿಗೆ ಕೆಂಪಾಗುವುದನ್ನು ಮಾಡಿ ತೋರಿಸಿ ಬಹುಮಾನ ಪಡೆದವಳು ನಾನೇ. ಆದರೂ ಗಳಗಳ ಅತ್ತುಬಿಟ್ಟೆ. ಹಿಂದೆಯೇ ಬಂದ ಅತ್ತೆ ಬೆರಳು ಅದ್ದಿ ಮೂಸಿ ನೋಡಿದರು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ಮಾವನಿಗೆ ಹೇಳಿದರು. "ಕುರಿ ಅಲ್ರೀ, ಅರಿಷಿಣ. ನಿಮ್ಮ ಸೊಸಿ ಜೀಪಿಗೆ ಕುಂಕುಮ ಹಚ್ಚ್ಯಾಳ. ಮುತ್ತೈದಿ ಆತ ಇನ್ನ." ಮಾವ ನಕ್ಕ ನಗುವಿಗೆ ಕಟ್ಟೆಯ ಮೇಲೆ ಮಲಗಿದ್ದ ಮುಧೋಳ ನಾಯಿ ಎದ್ದು ಓಡಿತು. ನನ್ನ ಅಳು ಅಲ್ಲಿಗೇ ನಿಂತಿತು. ಕೀಲಿ ಮಾತ್ರ ಸಿಗಲಿಲ್ಲ. ಆ ಸೋಪಿಗೆ ಬಣ್ಣದ ಮಿರುಗು ಹೋಗುತ್ತದೆ ಎಂದು ಇಡೀ ಜೀಪನ್ನು ನನ್ನಿಂದಲೇ ಮತ್ತೆ ತೊಳೆಸಿದರು, ತಾವು ಮಾತ್ರ ನೀರು ಸೇದಿ ಕೊಡುತ್ತಾ ನಿಂತರು.

ಅವರ ಪರೀಕ್ಷೆ ಹೇಗೆ ಗೊತ್ತೆ? ಇಲ್ಲಿಯ ಕುರಿಗಳೆಲ್ಲ ಕರಿಯವು. ಎಲ್ಲೋ ಒಂದು ಬಿಳಿ ಮರಿ ಹುಟ್ಟಿದರೆ ಅದರ ಮೊದಲ ಕತ್ತರಿಯ ಉಣ್ಣೆಯನ್ನು ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಾರೆ. ಅದರಿಂದ ಹಿಡಿಯಷ್ಟು ತೆಗೆದು, ಗಾಲಿಯ ಗೂಡಿನೊಳಗೆ, ಮೆಟ್ಟಿಲ ಕೆಳಗೆ, ಯಾರ ಕಣ್ಣಿಗೂ ಬೀಳದಲ್ಲಿ ಒರೆಸಿ ನೋಡುತ್ತಾರೆ. ಉಣ್ಣೆ ಕಪ್ಪಾದರೆ ಮಾತಿಲ್ಲ, ಬಾಲ್ದಿ ತೋರಿಸುತ್ತಾರೆ. ಆಷಾಢ, ಶ್ರಾವಣ, ದಸರೆ, ದೀಪಾವಳಿ ಎಲ್ಲ ಹೋದವು, ಉಣ್ಣೆ ಕಪ್ಪಾಗಿಯೇ ಬರುತ್ತಿತ್ತು. ಇವತ್ತು ಅದು ಹೋದ ಹಾಗೆಯೇ ಬೆಳ್ಳಗೆ ಹೊರಗೆ ಬಂತು. ಅತ್ತೆ ಅದನ್ನು ಬಿಸಿಲಿಗೆ ಹಿಡಿದರು, ತಿರುಗಿಸಿದರು, ನನ್ನ ಮುಖ ನೋಡಿದರು, ಸೆರಗಿನ ಗಂಟು ಬಿಚ್ಚಿದರು.

ನಾನು ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಹೊಳೆದಂಡೆಯ ಹಟ್ಟಿಗೆ ಹೋದೆ. ಕಬ್ಬಿಗೆ ನೀರು ಬಿಟ್ಟಿದ್ದರು, ದಾರಿಯೆಲ್ಲ ಕೆಸರು. "ನಿಂತು ಗೇರ್ ಹಾಕು, ಆಮೇಲೆ ನಿಲ್ಲಬೇಡ" ಎಂದು ನೀವು ಕಲಿಸಿದ್ದು ಕಿವಿಯಲ್ಲೇ ಇತ್ತು. ಎಲ್ಲೂ ನಿಲ್ಲಲಿಲ್ಲ. ಅತ್ತೆ ಯಾರು ಕಲಿಸಿದರು ಎಂದು ಕೇಳಿದರು. ನಿಮ್ಮ ಬಗ್ಗೆ ಹೇಳಿದೆ, ಹಳ್ಳದ ಬಗ್ಗೆ, ಗುಜರಿಯವನ ಬಗ್ಗೆಯೂ ಹೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ಹಳ್ಳದಾಗ ಯಾರ ಜೀಪ ಸಿಕ್ಕಿಲ್ಲ? ನಮ್ಮದು ಮೂತಿ ತನಕಾ ಹುಗದಿತ್ತು, ನಿಮ್ಮ ಮಾವಾರು ಎರಡ ದಿನಾ ಉಂಡಿರ್ಲಿಲ್ಲ. ಬೀಗರಿಗೆ ಹೇಳು, ಮಾರೂದಿದ್ರ ಮಾರ್ಲಿ. ಆದ್ರ ಮೈ ತೊಳದ ಮಾರ್ಲಿ. ಅಷ್ಟ ವರ್ಷ ಹೊತ್ತ ತಿರಿಗಿದ್ದನ್ನ ಮಣ್ಣ ಹತ್ತಿದ ಮೈಲೆ ಮನಿ ದಾಟಿಸಬಾರ್ದು."

ಎರಡು ಮರಿಗಳನ್ನು ಹಿಂದೆ ಹಾಕಿಕೊಂಡು ಬಂದೆವು. ಜೀಪು ಮತ್ತೆ ಕೆಸರೋ ಕೆಸರು. ಈ ಕಾಗದ ಮುಗಿಸಿ ತೊಳೆಯಬೇಕು, ಇವರು ಆಗಲೇ ಬಾಲ್ದಿ ತುಂಬಿಟ್ಟು ಕಿಟಕಿಯಲ್ಲಿ ಇಣುಕುತ್ತಿದ್ದಾರೆ. ನಿಮ್ಮಿಬ್ಬರ ಪಾದಗಳಿಗೆ ನನ್ನ ತಲೆ ತಾಗಿಸಿದ್ದೇನೆ ಎಂದು ತಿಳಿಯಿರಿ. ಅತ್ತೆ ಮಾವ ಶರಣು ತಿಳಿಸಿದ್ದಾರೆ, ಇವರೂ ನಮಸ್ಕಾರ ಹೇಳಿದ್ದಾರೆ.

ನಿಮ್ಮ ಮುದ್ದಿನ,
ರಂಜನಾ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಮುಖ್ಯ ಮಾತು ಉಳಿದೇಬಿಟ್ಟಿದೆ. ಗುಜರಿಯವನನ್ನು ಅಮಾವಾಸ್ಯೆಗಿಂತ ಮೊದಲು ಬರಗೊಡಬೇಡಿ, ಅಷ್ಟೇ ಸಾಕು. ನಮ್ಮ ಜೀಪು ತೊಳೆಯಲು ನಾನು ಬರುತ್ತಿದ್ದೇನೆ, ಅತ್ತೆಯೂ ಬರುತ್ತಿದ್ದಾರೆ. ಬಿಳಿ ಉಣ್ಣೆಯ ಡಬ್ಬಿಯನ್ನು ಆಗಲೇ ಚೀಲದಲ್ಲಿ ಇಟ್ಟಿದ್ದಾರೆ. ತೊಳೆದ ಮೇಲೂ ಮಾರಿಬಿಟ್ಟರೆ ಏನು ಮಾಡುವುದು ಎಂದು ಕೇಳಿದ್ದಕ್ಕೆ "ತನ್ನ ಕೈಲೆ ತೊಳದ ಮ್ಯಾಲ ಮಾರಿದಾವ್ನ ನಾ ಇನ್ನೂ ನೋಡಿಲ್ಲ" ಎಂದು ನಕ್ಕರು. ಆದ್ದರಿಂದ ಅಪ್ಪಾ, ಮೊದಲ ಬಾಲ್ದಿ ನಿಮ್ಮದು. ಹುಣಸೆ ಗಿಡದ ಕೆಳಗಿನ ತಾಡಪತ್ರಿ ತೆಗೆದಿಡಿ. ಬರುವ ವಾರ ಗುರುವಾರ, ಬಾಗಲಕೋಟೆಯಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿಗೆ ಬರುತ್ತೇವೆ.