ವಲ್ಲಿಯ ಕೆಳಗೆ ಹೇಳಿದ ಸುದ್ದಿ

ತೀರ್ಥರೂಪ ಅಪ್ಪಾ,

‘ಇತ್ತ ನಾವೆಲ್ಲ ಕ್ಷೇಮ’ ಎಂದು ಬರೆಯುವ ಜಾಗದಲ್ಲೇ ಪೆನ್ನು ನಿಂತುಬಿಟ್ಟಿದೆ. ಬದುಕಿರುವವರಿಗಾದರೆ ಆ ಸಾಲು ಗೀಚಿ ಮುಂದೆ ಹೋಗುತ್ತಿದ್ದೆ. ನೀವು ಹೋಗಿ ಇಷ್ಟು ವರ್ಷವಾದ ಮೇಲೆ ನಿಮಗೇಕೆ ಸುಳ್ಳು ಬರೆಯಲಿ? ನನ್ನ ರಕ್ತ ಸರಿಯಿಲ್ಲವಂತೆ. ಏನಾಗಿದೆ ಎಂದು ಡಾಕ್ಟರಿಗೂ ಇನ್ನೂ ಖಚಿತವಿಲ್ಲ. ಅದಕ್ಕೇ ನನಗೆ ಕೈಕಾಲು ಆಡುತ್ತಿಲ್ಲ.

ನಿಮಗೆ ನೆನಪಿರಬೇಕು, ಹತ್ತಿ ದಲಾಲಿ ಮಾಡುವವನಿಗೆ ಬೆನ್ನುನೋವು ಬಂದರೆ ಕಸುಬು ಕಲಿತ ಅಂತ ತಿಳಿ ಎನ್ನುತ್ತಿದ್ದಿರಿ. ದಿನವಿಡೀ ಬಗ್ಗಿ ಅಂಡಿಗೆಯ ಚೀಲದೊಳಗೆ ಕೈ ತೂರಿಸುವುದು, ಒಂದು ಹಿಡಿ ಹತ್ತಿ ಹೊರಗೆಳೆದು ಎಳೆಯ ಉದ್ದ ನೋಡುವುದು. ಈ ನೋವೂ ಅದೇ ಎಂದುಕೊಂಡು ಮನೆಯವರ ತಲೆ ಚಿಟ್ಟು ಹಿಡಿಯುವಷ್ಟು ಗೊಣಗಿದೆ. ನಿಮ್ಮ ಸೊಸೆ ನೀಲಾ ಬಾಣಂತಿಗೆ ಮಾಡಿದ ಹಾಗೆ ಅಂಟಿನುಂಡಿ ಕಟ್ಟಿ ತಿನ್ನಿಸಿದಳು. ಉಂಡಿ ರುಚಿಯಾಗಿತ್ತು, ನೋವು ಮಾತ್ರ ಹೋಗಲಿಲ್ಲ. ಒಂದು ದಿನ ಅಡತಿ ಅಂಗಡಿಯ ಮೆಟ್ಟಿಲಲ್ಲಿ ಉಸಿರು ಸಿಗದೆ ಕುಳಿತುಬಿಟ್ಟೆ. ಅಂದೇ ದವಾಖಾನೆಗೆ ಹೋದೆ.

ಆ ಡಾಕ್ಟರನ ಮುಖ ಈಗಲೂ ಕಣ್ಣ ಮುಂದಿದೆ. ನನಗಿಂತ ಚಿಕ್ಕವನು, ನಮ್ಮ ಕಡೆಯವನೇ. ರಕ್ತವನ್ನು ಗಾಜಿನ ನಳಿಗೆಯಲ್ಲಿ ನಿಲ್ಲಿಸಿದರೆ ಕೆಂಪು ಭಾಗ ನಿಧಾನವಾಗಿ ತಳಕ್ಕಿಳಿಯಬೇಕಂತೆ. ನನ್ನದು ಸರ್ರನೆ ಇಳಿದಿದೆ.

“ರಕ್ತದಾಗ ಪ್ರೋಟೀನ್ ಭಾಳ ಆಗೇತ್ರಿ ಯಜಮಾನ್ರ,” ಎಂದ.

“ಭಾಳ ಆದ್ರ ಛಲೋನ ಅಲ್ಲೇನ್ರಿ?” ಎಂದೆ. ಸತ್ವ ಹೆಚ್ಚಾದರೆ ಕೆಡುಕೆಂದು ಯಾವ ವ್ಯಾಪಾರಿ ತಾನೇ ಅಂದುಕೊಳ್ಳುತ್ತಾನೆ?

ಅವನು ನಗಲಿಲ್ಲ. “ಇದು ಛಲೋದಲ್ರಿ. ಎಲುಬಿನೊಳಗಿನ ಮಜ್ಜಿಯೊಳಗ ಬರೂ ರೋಗ ಇರಬಹುದು. ಮೈಲೋಮಾ ಅಂತಾರ, ಒಂದ ನಮೂನಿ ಕ್ಯಾನ್ಸರ್. ಇರದೇನೂ ಇರಬಹುದು. ಎದಿ ಎಲುಬಿಗೆ ಸೂಜಿ ಹಾಕಿ ಮಜ್ಜಿ ತಗದ ನೋಡೂತನಕ ಖರೇ ಹೇಳಾಕ ಬರಂಗಿಲ್ರಿ.”

ಇರಬಹುದು, ಇರದೇನೂ ಇರಬಹುದು. ಅಪ್ಪಾ, ಈ ಮಾತನ್ನು ಹೊತ್ತುಕೊಂಡು ಹೇಗೆ ಬದುಕುವುದು? ಬಜಾರದಲ್ಲಿ ಸೌದಾ ಆಗುತ್ತದೆ ಇಲ್ಲವೇ ಮುರಿಯುತ್ತದೆ, ಎರಡರಲ್ಲಿ ಒಂದಾದ ಮೇಲೆ ಊಟ ಸೇರುತ್ತದೆ. ಇದು ಆಗುವುದೂ ಇಲ್ಲ, ಮುರಿಯುವುದೂ ಇಲ್ಲ. ಹಲ್ಲುಜ್ಜುವಾಗ ಎದೆಯ ಮೂಳೆ ಮುಟ್ಟಿ ನೋಡಿಕೊಳ್ಳುತ್ತೇನೆ. ಹೆದರಿಕೆ ಆಗುತ್ತಿದೆ ಅಪ್ಪಾ. ಯಾರ ಮುಂದೆ ಹೇಳಲಿ?

ಮನೆಗೆ ಬಂದು ನೀಲಾಗೆ ಹೇಳಿದ್ದು ಅರ್ಧವೇ. “ರಕ್ತದಾಗ ಪ್ರೋಟೀನ್ ಜಾಸ್ತಿ ಆಗೇತಂತ. ಎಲ್ಲಾ ನಿನ್ನ ಉಂಡಿ ಕರಾಮತ್ತು.” ಅವಳು ಹಿಗ್ಗಿಹೋದಳು. ಗಂಡನ ರಕ್ತದಲ್ಲಿ ಸತ್ವ ತುಂಬಿದೆ ಎಂದು ಓಣಿಗೆಲ್ಲ ಸಾರಿ, ಮತ್ತಷ್ಟು ಉಂಡಿ ಕಟ್ಟಿ ಆಚೀಚೆ ಮನೆಗೂ ಕೊಟ್ಟು ಬಂದಳು. ಅವಳ ಕೈಯಿಂದ ಒಂದೊಂದು ಉಂಡಿ ಇಸಿದುಕೊಳ್ಳುವಾಗಲೂ ನನಗೆ...

ನೀವು ನನಗೆ ಕೈಮಾತು ಕಲಿಸಿದ ಸಂಜೆಗಳು ಈಗ ಬಹಳ ನೆನಪಾಗುತ್ತವೆ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಮೇಲೆ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಧಾರಣೆ ಕುದುರಿಸುವ ವಿದ್ಯೆ. ಒಂದು ಬೆರಳಿಗೆ ಒಂದು, ಇಡೀ ಕೈಗೆ ಐದು. ಒಪ್ಪಿಗೆಯಿಲ್ಲದಿದ್ದರೆ ಕೈ ಹೊರಗೆ. ನಾನು ತಪ್ಪಿದಾಗಲೆಲ್ಲ ಮುಂಗೈಗೆ ಹೊಡೆಯುತ್ತಿದ್ದಿರಿ. “ಬಜಾರದಾಗ ಬಾಯಿ ಏನರ ಅನ್ಲಿ, ವಲ್ಲಿ ಕೆಳಗ ಕೈ ಸುಳ್ಳ ಹೇಳಬಾರದು,” ಎನ್ನುತ್ತಿದ್ದಿರಿ. ಈಗ ಬಜಾರದಲ್ಲಿ ಎಲ್ಲರೆದುರು ಕೂಗಿ ಲಿಲಾವು ಮಾಡಬೇಕೆಂದು ಕಾಯ್ದೆಯಾಗಿದೆ. ನಿಮ್ಮ ವಲ್ಲಿ ಗೂಟಕ್ಕೆ ತೂಗುತ್ತಿದೆ, ಅಷ್ಟೆ.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ನೀಲಾ ಆ ವಲ್ಲಿ ಹಿಡಿದುಕೊಂಡು ನನ್ನೆದುರು ಬಂದು ಕುಳಿತಳು.

“ಬೆನ್ನ ಬ್ಯಾನಿ ಅಂತ ಒದರೂದ ಬಿಟ್ಟೀರಿ,” ಎಂದಳು.

“ಕಡಿಮಿ ಆಗೇತಿ.”

“ಏಳುವಾಗ ಗ್ವಾಡಿ ಹಿಡಕೋತೀರಿ. ಕಡಿಮಿ ಆಗಿಲ್ಲ. ನೀವು ಒದರೂತನಕ ನನಗ ಕಾಳಜಿ ಇರಲಿಲ್ರಿ. ಸುಮ್ಮನಾದಿರಿ ನೋಡ್ರಿ, ಅವಾಗಿಂದ ಎದಿ ಧಸಕ್ಕ ಅನ್ನಾಕತ್ತೈತಿ. ಡಾಕ್ಟರ್ ಏನಂದ್ರು?”

“ಹೇಳಿದ್ನೆಲ್ಲ, ಪ್ರೋಟೀನ್...” ಎಂದು ಶುರು ಮಾಡಿದೆ.

“ಬಾಯಿಲೆ ಬ್ಯಾಡ. ಕೈ ಕೊಡ್ರಿ,” ಎಂದು ವಲ್ಲಿ ಹಾಸಿಬಿಟ್ಟಳು. “ಸಣ್ಣದಿದ್ರ ಒಂದ ಬೆರಳ ಹಿಡೀರಿ. ದೊಡ್ಡದಿದ್ರ ಎಷ್ಟ ಹಿಡೀಬೇಕು ನಿಮಗ ಗೊತ್ತೈತಿ.”

“ಇದು ನಿನಗ ಯಾರ ಕಲಿಸಿದ್ರು?”

“ಮಾವಾರು. ಮನ್ಯಾಗ ನಿಮಗ ಕಲಸೂವಾಗ ವಲ್ಲಿ ಇಲ್ಲದನ ಕಲಸತಿದ್ರು. ನಾ ಅಲ್ಲೇ ಜ್ವಾಳ ಹಸನ ಮಾಡಕೋಂತ ಕುಂತಿರತಿದ್ದೆ. ನಿಮಗಿಂತ ಮೊದಲ ನನಗ ಬಂದಿತ್ತು.”

ಅವಳ ಕಿರುಬೆರಳು ಹಿಡಿದೆ. ಅಷ್ಟಕ್ಕೇ ಬಿಟ್ಟರೆ ಅವಳು ನಂಬುತ್ತಿದ್ದಳು, ಸಂಜೆ ಮತ್ತೆ ಉಂಡಿ ಕಟ್ಟುತ್ತಿದ್ದಳು. ಆದರೆ ಮುಂಗೈ ಮೇಲೆ ನಿಮ್ಮ ಏಟು ಬಿದ್ದ ಹಾಗಾಯಿತು ಅಪ್ಪಾ. ಬೆರಳು ಬಿಟ್ಟು ಅವಳ ಇಡೀ ಕೈ ಹಿಡಿದೆ.

ಅವಳು ಅಳಲಿಲ್ಲ. ಆಮೇಲೆ ನಾನೇ ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ, ಆ ರೋಗದ ಹೆಸರನ್ನೂ. ಕೇಳಿ, “ಅಂದ್ರ ಇನ್ನೂ ಖರೇ ಆಗಿಲ್ಲಲ್ಲ?” ಎಂದಳು. ಇಲ್ಲ ಎಂದೆ. ನಾಳೆ ಸೂಜಿ ಹಾಕಿಸಿಕೊಳ್ಳಲು ಹೋಗುತ್ತೇವೆ, ಇಬ್ಬರೂ. ಡಾಕ್ಟರು ಏನು ಹೇಳಿದರೂ ಅವಳೆದುರೇ ಹೇಳಿಸುತ್ತೇನೆ, ಇದು ನಿಮಗೆ ಕೊಟ್ಟ ಮಾತು. ನಿಮ್ಮ ಸೊಸೆಗೆ ನಮ್ಮ ಕೈಮಾತು ಬರುತ್ತದೆಂದು ನಿಮಗೆ ತಿಳಿದಿತ್ತೇ? ತಿಳಿದಿದ್ದರೆ ನನ್ನನ್ನು ಎಷ್ಟು ಕಾಡುತ್ತಿದ್ದಿರೋ.

ಒಂದು ಮಾತು ಉಳಿಯಿತು. ಎಲ್ಲ ಹೇಳಿ ಮುಗಿದ ಮೇಲೂ ಅವಳ ಕೈ ವಲ್ಲಿಯ ಕೆಳಗೇ ಇತ್ತು. ನಾನು ಐದು ಹೇಳಿದ್ದೆನಲ್ಲ, ಅವಳು ನನ್ನ ಕಿರುಬೆರಳೊಂದನ್ನೇ ಗಟ್ಟಿಯಾಗಿ ಹಿಡಿದು, “ಇಷ್ಟಕ್ಕ ಮುಗಸ್ರಿ,” ಎಂದಳು. ಯಾರ ಜೊತೆ ಚೌಕಾಸಿ ಮಾಡುತ್ತಿದ್ದಳೋ ನನಗೆ ತಿಳಿಯಲಿಲ್ಲ. ಅದು ನನ್ನ ಕೈಲಿರುವ ಧಾರಣೆಯಲ್ಲ. ಆದರೂ ಅಪ್ಪಾ, ನಾನು ಕೈ ಹೊರಗೆ ತೆಗೆಯಲಿಲ್ಲ.